ಮೂರನೇ ವರ್ಷದ ಕಾಫಿ

ತನ್ನ ಮನೆಯ ಕಾಫಿಯನ್ನು ಬೇಡ ಎಂದವಳ ಮೇಲೆ ಕಾಫಿ ಬೆಳೆಯುವವನಿಗೆ ಪ್ರೀತಿ ಹುಟ್ಟಬಾರದು. ರೇಣುಕಪ್ರಸಾದನಿಗೆ ಹುಟ್ಟಿತ್ತು.

ಎರಡು ವರ್ಷದ ಹಿಂದೆ, ಹೂಮಳೆ ಬಿದ್ದು ತೋಟವೆಲ್ಲ ಬೆಳ್ಳಗೆ ಅರಳಿ ನಿಂತಿದ್ದ ವಾರದಲ್ಲಿ, ರಶ್ಮಿತಾ ಮೊದಲ ಸಲ ಬಂದಿದ್ದಳು. ಸೋಮವಾರಪೇಟೆಯಿಂದ ಒಂಬತ್ತು ಕಿಲೋಮೀಟರ್ ಒಳಗಿರುವ ಅವನ ತೋಟದ ತಗ್ಗಿನಲ್ಲಿ ಒಂದು ಕೆರೆಯಿದೆ. ಆಚೆ ದಡಕ್ಕೆ ಕಾಡು. ಈಚೆ ದಡದಲ್ಲಿ ಆರು ಟೆಂಟು, ಎರಡು ಕ್ಯಾರವಾನ್ ನಿಲ್ಲುವಷ್ಟು ಜಾಗ ಮಾಡಿ ಅವನು ಕ್ಯಾಂಪ್‌ಸೈಟ್ ತೆರೆದಿದ್ದ. ರಶ್ಮಿತಾ ಮೈಸೂರಿನ ಒಂದು ಕಂಪನಿಯಲ್ಲಿದ್ದಳು. ಮಕ್ಕಳನ್ನು ಕಟ್ಟಿಕೊಂಡು ಹೊರಡುವ ಸಂಸಾರಸ್ಥರಿಗೆ, ಮನೆಯಂಥ ಗಾಡಿಯಲ್ಲೇ ಊರೂರು ಸುತ್ತುವವರಿಗೆ, ಕೆರೆದಂಡೆಯ ಮತ್ತು ಕಾಡಂಚಿನ ಒಳ್ಳೆಯ ಜಾಗಗಳನ್ನು ಹುಡುಕಿ ಪಟ್ಟಿ ಮಾಡುವುದು ಅವಳ ಕೆಲಸ. ಪಟ್ಟಿಯಲ್ಲಿ ಉಳಿಯಬೇಕಾದರೆ ವರ್ಷಕ್ಕೊಮ್ಮೆ ಅವಳೇ ಬಂದು ನೋಡಬೇಕು.

ಅವತ್ತು ಪ್ರಸಾದನ ತಾಯಿ ಸುಲೋಚನಮ್ಮ ಹಬೆಯಾಡುವ ಕಾಫಿ ತಂದು ಮುಂದೆ ಹಿಡಿದರು.

"ಬೇಡ ಅಮ್ಮ, ಬೇಜಾರು ಮಾಡ್ಕೋಬೇಡಿ. ಜಾಗ ನೋಡೋಕೆ ಬಂದವರು ಓನರ್ ಮನೇಲಿ ನೀರೂ ಮುಟ್ಟೋ ಹಾಗಿಲ್ಲ. ನಮ್ಮ ರೂಲ್ಸು," ಎಂದು ರಶ್ಮಿತಾ ತನ್ನ ಫ್ಲಾಸ್ಕ್ ತೋರಿಸಿದಳು.

"ಒಂದು ಲೋಟ ಕಾಫಿ ಲಂಚ ಆಗುತ್ತೇನ್ರಿ?" ಎಂದ ಪ್ರಸಾದ.

ಅವಳು ಅವನನ್ನೊಮ್ಮೆ ನೋಡಿದಳು. ಲೋಟದ ಕಡೆ ನೋಡಿದಳು. ಮತ್ತೆ ಅವನ ಕಡೆ ತಿರುಗಿದಾಗ ಕಣ್ಣಂಚಿನಲ್ಲಿ ನಗು ಇಣುಕಿತ್ತು.

"ಈ ಘಮ ನೋಡಿದ್ರೆ ಖಂಡಿತ ಆಗುತ್ತೆ. ನಾನೂ ನಾಪೋಕ್ಲು ಕಡೆಯವಳೇ, ಪ್ರಸಾದ್. ನನಗೆ ಕಾಫಿ ಗೊತ್ತಾಗಲ್ಲ ಅನ್ಕೋಬೇಡಿ."

ಅಷ್ಟೇ ಆಗಿದ್ದು. ಅಷ್ಟಕ್ಕೇ ಅವನು ಕೆಟ್ಟ.

ಅವಳ ಕೆಲಸ ನೋಡುವುದೇ ಒಂದು ಚಂದ. ಸ್ಟೀಲ್ ಲೋಟದ ತುಂಬ ನೀರು ತುಂಬಿ ನೆಲದ ಮೇಲಿಟ್ಟು, ನೀರು ಯಾವ ಕಡೆ ಚೆಲ್ಲುತ್ತದೆ ಎಂದು ನೋಡುತ್ತಿದ್ದಳು. ನೆಲ ಮಟ್ಟವಿಲ್ಲದಿದ್ದರೆ ಗಾಡಿಯಲ್ಲಿ ಮಲಗಿದವರು ಬೆಳಗಿನ ಹೊತ್ತಿಗೆ ಒಂದು ಮೂಲೆಗೆ ಸೇರಿರುತ್ತಾರಂತೆ. ಕ್ಯಾರವಾನ್ ತಿರುಗಿಸಲು ಜಾಗ ಸಾಲುತ್ತದೆಯೇ ಎಂದು ಹೆಜ್ಜೆಯಲ್ಲಿ ಅಳೆಯುತ್ತಿದ್ದಳು. ತೋಟದ ನೆರಳಿಗೆ ಬೆಳೆಸಿದ ಸಿಲ್ವರ್ ಮರದ ಕೆಳಗೆ ಟೆಂಟ್ ಹಾಕಿದ್ದಕ್ಕೆ ಬೈದಿದ್ದಳು, ಗಾಳಿಗೆ ಕೊಂಬೆ ಮುರಿಯುತ್ತದೆ ಎಂದು. ಕೊನೆಗೆ ನೀರಿನಂಚಿಗೆ ಹೋಗಿ ಕುಕ್ಕರಗಾಲಲ್ಲಿ ಕೂತು ಸುತ್ತ ನೋಡುತ್ತಿದ್ದಳು.

"ಏನು ನೋಡ್ತಿದ್ದೀರಿ?"

"ಐದು ವರ್ಷದ ಮಗುವಿನ ಎತ್ತರದಿಂದ ಈ ಜಾಗ ಹೇಗೆ ಕಾಣುತ್ತೆ ಅಂತ. ದೊಡ್ಡವರಿಗೆ ಕಾಣದ್ದು ಎಷ್ಟೋ ಇರುತ್ತೆ ಇಲ್ಲಿ."

ಎರಡನೇ ವರ್ಷ ಬಂದಾಗ ಅವನು ಸಿಲ್ವರ್ ಮರದ ಕೆಳಗಿನ ಟೆಂಟುಗಳನ್ನೆಲ್ಲ ಎತ್ತಿಸಿ ಬೇರೆ ಕಡೆ ಹಾಕಿಸಿದ್ದ. ಅವಳು ಅದನ್ನು ಗಮನಿಸಿದಳು. ಸುಮ್ಮನೆ ಅವನ ಕಡೆ ನೋಡಿ ತಲೆ ತಗ್ಗಿಸಿ ಬರೆದುಕೊಂಡಳು. ಆ ಒಂದು ನೋಟವನ್ನು ಅವನು ಮಳೆಗಾಲವಿಡೀ ಖರ್ಚು ಮಾಡಿದ. ಸುಲೋಚನಮ್ಮ ಆ ಸಲವೂ ಕಾಫಿ ಮಾಡಿದರು, ಅವಳು ಆ ಸಲವೂ ಬೇಡವೆಂದಳು. ಆರಿದ ಕಾಫಿಯನ್ನು ಅಮ್ಮನೇ ಗೊಣಗುತ್ತ ಕುಡಿದರು.

ಹೀಗೆ ವರ್ಷದಲ್ಲಿ ಒಂದು ದಿನ ಅವಳು. ಉಳಿದ ಮುನ್ನೂರ ಅರವತ್ತನಾಲ್ಕು ದಿನ ಗಿಡ ಕಸಿ, ಗೊಬ್ಬರ, ಹಣ್ಣಿನ ಪಿಕಿಂಗ್, ಮತ್ತು ಆ ಒಂದು ದಿನದ ನೆನಪು. ಫೋನ್ ಮಾಡಬಹುದಿತ್ತಲ್ಲ ಎಂದು ನೀವು ಕೇಳಬಹುದು. ಮಾಡಿ ಏನು ಹೇಳುವುದು? ಕೆರೆ ಚೆನ್ನಾಗಿದೆ ಎಂದೇ?

ಮೂರನೇ ವರ್ಷ ಅವಳು ಬರುವ ದಿನ ಬೆಳಗ್ಗೆ ಆರೂವರೆಗೆ ತೋಟದ ಆಳುಗಳ ಲೆಕ್ಕ ನೋಡುವ ರೈಟರ್ ಸಾಂತಪ್ಪ ಓಡಿಬಂದ.

"ಸಾವ್ಕಾರ್ರೇ, ಕೆರೆ ತಾವ ಬನ್ನಿ. ಆನೆ ಬಂದೋಗವೆ. ಮೂರು ದೊಡ್ಡವು, ಒಂದು ಮರಿ."

ಹೆಜ್ಜೆಗಳು ಸ್ಪಷ್ಟವಾಗಿದ್ದವು. ಕಾಡಿನಿಂದ ಸುತ್ತಿ ಬಂದು, ಟೆಂಟ್ ಹಾಕುವ ಜಾಗದ ಪಕ್ಕದಲ್ಲೇ ನೀರು ಕುಡಿದು ಹೋಗಿದ್ದವು.

"ಒಂದ್ಸಲ ನೀರಿನ ದಾರಿ ಕಂಡ್ಕೊಂಡ್ರೆ ಬಿಡಲ್ಲ ಇವು," ಎಂದ ಸಾಂತಪ್ಪ. "ಮೇಡಂ ಬೇರೆ ಇವತ್ತು ಬರ್ತಾರಲ್ವಾ?"

ಅದೇ ಪ್ರಸಾದನಿಗೂ ಹೊಳೆದಿದ್ದು. ಆನೆ ಬರುವ ಕೆರೆಯನ್ನು ಅವಳು ಪಟ್ಟಿಯಿಂದ ಕಿತ್ತು ಹಾಕುತ್ತಾಳೆ. ಪಟ್ಟಿಯಲ್ಲಿಲ್ಲದ ಜಾಗಕ್ಕೆ ಅವಳು ಯಾಕೆ ಬರಬೇಕು? ಇವತ್ತೇ ಕೊನೆ.

ಸಾಂತಪ್ಪನನ್ನು ಆಳುಗಳ ಲೈನ್‌ಮನೆಗಳ ಕಡೆ ಕಳಿಸಿ, ಮೂವತ್ತನಾಲ್ಕು ವರ್ಷದ ಮರ್ಯಾದಸ್ಥ ರೇಣುಕಪ್ರಸಾದ ಗುದ್ದಲಿ ಹಿಡಿದು ಹೆಜ್ಜೆ ಮುಚ್ಚಿದ. ಕೆಸರು ಆಳವಿದ್ದ ಕಡೆ ಒಣಗಿದ ತರಗೆಲೆ ತಂದು ಹರಡಿದ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎನ್ನುತ್ತಾರೆ. ಇಲ್ಲಿ ಆನೆಯಿಂದಲೇ ಮಾನ ಹೋಗುವ ಹಾಗಿತ್ತು.

ಹತ್ತು ಗಂಟೆಗೆ ಅವಳ ಗಾಡಿ ಇಳಿಜಾರಿನಲ್ಲಿ ಕಂಡಿತು. ಹಳೆಯ ವ್ಯಾನು, ಹಿಂದೆ ಒಂದು ಮಂಚ, ಒಂದು ಒಲೆ. ಪ್ರತಿ ವರ್ಷದಂತೆ ಈ ರಾತ್ರಿಯೂ ಅವಳು ಆ ವ್ಯಾನಿನಲ್ಲಿ, ಕೆರೆಯ ಪಕ್ಕದಲ್ಲೇ ಮಲಗುವವಳಿದ್ದಳು. ಬೆಳಗ್ಗೆ ಎಲೆ ಹರಡುವಾಗ ಅದು ಅವನಿಗೆ ನೆನಪಾಗಿರಲಿಲ್ಲ.

"ಸಣ್ಣ ಆಗಿದ್ದೀರಿ," ಎಂದಳು ಇಳಿಯುತ್ತಲೇ.

"ನೀವು ಗಮನಿಸಿದ್ರಲ್ಲ, ಅದೇ ಪುಣ್ಯ."

"ಗಮನಿಸೋದೇ ನನ್ನ ಕೆಲಸ ಕಣ್ರೀ." ನಕ್ಕು, ಸುತ್ತ ಕಣ್ಣಾಡಿಸಿದಳು. ಒಂದು ಗಳಿಗೆ ನಗು ನಿಂತ ಹಾಗಾಯಿತು. ಕಳ್ಳನ ಮನಸ್ಸು ಹುಳ್ಳುಳ್ಳಗೆ. ಅವನು ಬೇರೆ ಕಡೆ ನೋಡಿದ.

ಲೋಟದ ನೀರು ಚೆಲ್ಲಲಿಲ್ಲ. ಗಾಡಿ ತಿರುಗುವ ಜಾಗ ಸರಿಯಿತ್ತು. ಅವಳು ಫಾರಂನಲ್ಲಿ ಒಂದೊಂದನ್ನೇ ಗುರುತು ಮಾಡಿಕೊಂಡು, ತಲೆಯೆತ್ತದೆ ಕೇಳಿದಳು.

"ಕಾಡುಪ್ರಾಣಿ ಓಡಾಟ ಏನಾದ್ರೂ?"

"ಇಲ್ಲ."

ಪೆನ್ನು ನಿಂತಿತು. ಅವಳು ಬರೆಯಲಿಲ್ಲ. ನಿಧಾನಕ್ಕೆ ನೀರಿನಂಚಿಗೆ ನಡೆದು, ಎಂದಿನಂತೆ ಕುಕ್ಕರಗಾಲಲ್ಲಿ ಕೂತಳು. ಅವಳು ಕೂತ ಜಾಗದಿಂದ ತರಗೆಲೆಯ ಹಾಸು ಒಂದು ಮಾರು ದೂರದಲ್ಲಿತ್ತು.

"ಶನಿವಾರ ಯಾರಾದ್ರೂ ಬರ್ತಿದ್ದಾರಾ?"

"ಎರಡು ಫ್ಯಾಮಿಲಿ."

"ಮಕ್ಕಳು?"

"ಮೂರು."

"ಇಲ್ಲೇ ನಿಂತು ಕಲ್ಲು ಎಸೀತಾರೆ. ಎಲ್ಲ ಮಕ್ಕಳೂ ಇಲ್ಲೇ ಬಂದು ನಿಲ್ಲೋದು," ಎಂದು ಅವಳು ಒಂದು ಪುಟ್ಟ ಕಲ್ಲು ಆರಿಸಿ ನೀರಿಗೆ ಎಸೆದಳು.

ಪ್ರಸಾದ ಮುಂದೆ ಬಂದ. ಕಾಲಿನಿಂದ ತರಗೆಲೆಯನ್ನು ಸರಿಸಿದ. ಕೆಳಗೆ ಆನೆಮರಿಯ ಹೆಜ್ಜೆ, ಅದರಲ್ಲಿ ನಿಂತ ನೀರು.

"ಸುಳ್ಳು ಹೇಳಿದೆ, ರಶ್ಮಿತಾ. ನಿನ್ನೆ ರಾತ್ರಿ ಬಂದಿದಾವೆ, ನಾಲ್ಕು. ಬೆಳಗ್ಗೆ ನಾನೇ ಮುಚ್ಚಿದೆ. ಇವತ್ತು ನೀವು ಇಲ್ಲಿ ಮಲಗಬೇಡಿ. ಶನಿವಾರದವರಿಗೆ ಈಗಲೇ ಬೇಡ ಅಂತ ಹೇಳ್ತೀನಿ."

ಅವಳು ಎದ್ದು ನಿಂತಳು. ಪಕ್ಕದ ಅತ್ತಿಮರದ ಕಡೆ ಕೈ ತೋರಿಸಿದಳು. ಅವನ ತಲೆಗಿಂತ ಎಷ್ಟೋ ಮೇಲೆ, ತೊಗಟೆಗೆ ಹಸಿ ಕೆಸರು ಮೆತ್ತಿಕೊಂಡಿತ್ತು. ಆನೆ ಮೈ ತಿಕ್ಕಿ ಹೋದ ಗುರುತು. ನೆಲ ನೋಡುವ ಗಡಿಬಿಡಿಯಲ್ಲಿ ಅವನು ಮೇಲೆ ನೋಡಿಯೇ ಇರಲಿಲ್ಲ.

"ಗಾಡಿ ಇಳಿದ ತಕ್ಷಣ ಕಂಡಿತು. ನೀವೇ ಹೇಳ್ತೀರಿ ಅಂತ ಕಾಯ್ತಿದ್ದೆ." ಅವಳು ಅವನ ಕಡೆ ತಿರುಗಿದಳು. "ಇಲ್ಲ ಅಂದ್ರಲ್ಲ, ಆಗ ಅಳು ಬಂತು ನನಗೆ. ಯಾಕೆ ಮುಚ್ಚಿದ್ರಿ? ಬುಕಿಂಗ್ ಹೋಗುತ್ತೆ ಅಂತಾನಾ?"

"ಬುಕಿಂಗ್ ಹಾಳಾಗಿ ಹೋಗ್ಲಿ. ಪಟ್ಟಿಯಿಂದ ತೆಗೆದ್ರೆ ನೀವು ಬರಲ್ಲ." ಇನ್ನು ಮುಚ್ಚಿಡಲು ಅವನ ಹತ್ತಿರ ಎಲೆಯೂ ಇರಲಿಲ್ಲ, ಮಾತೂ ಇರಲಿಲ್ಲ. "ವರ್ಷಕ್ಕೆ ಒಂದು ದಿನ ಬರ್ತೀರಿ. ಉಳಿದ ದಿನ ಎಲ್ಲ ನಾನು ಆ ದಿನಕ್ಕೆ ಕಾಯ್ತೀನಿ. ಅದೂ ಹೋಗ್ಬಿಟ್ರೆ ಏನು ಮಾಡಲಿ ಅನ್ನಿಸ್ತು. ಇಷ್ಟವಾಗಿದ್ದೀರಿ ನೀವು. ಮೊದಲೇ ಹೇಳಬೇಕಿತ್ತು, ಧೈರ್ಯ ಬರಲಿಲ್ಲ."

ಅವಳು ಮತ್ತೆ ಫಾರಂ ತೆರೆದಳು. ಬಗ್ಗಿ ಬರೆದಳು, ಬರೆದದ್ದನ್ನು ಓದಿ ಹೇಳಿದಳು. "ಕೆರೆಗೆ ಆನೆ ಬರುತ್ತಿದೆ. ಮಕ್ಕಳಿಗೆ ಸುರಕ್ಷಿತವಲ್ಲ. ಪಟ್ಟಿಯಿಂದ ತೆಗೆಯಲಾಗಿದೆ. ಮಾಲೀಕರೇ ತಿಳಿಸಿದರು." ಫಾರಂ ಮಡಚಿ ಚೀಲಕ್ಕೆ ಹಾಕಿ, ಲೋಟ ಎತ್ತಿಕೊಂಡು ಗಾಡಿ ಹತ್ತಿದಳು.

ಪ್ರಸಾದ ಅಲ್ಲೇ ನಿಂತು ಶನಿವಾರದವರಿಗೆ ಫೋನ್ ಮಾಡಿದ. ಮಾತಾಡುತ್ತಿರುವಾಗಲೇ ವ್ಯಾನು ಏರು ಹತ್ತುವ ಸದ್ದು ಕೇಳಿತು. ಗೇಟಿನ ಕಡೆ ತಿರುಗುವುದನ್ನು ನೋಡಲಾರದೆ ಅವನು ಕೆರೆಯ ಕಡೆ ಮುಖ ಮಾಡಿದ. ಫೋನ್ ಇಟ್ಟಾಗ ಸದ್ದು ನಿಂತಿತ್ತು. ಇಷ್ಟು ಬೇಗ ಗೇಟು ದಾಟಲು ಸಾಧ್ಯವಿರಲಿಲ್ಲ.

ಅವನು ಏದುಸಿರು ಬಿಡುತ್ತ ಮೇಲೆ ಬಂದ. ಪಿಕಿಂಗ್ ಮುಗಿದು ಖಾಲಿ ಬಿದ್ದಿದ್ದ, ಮನೆ ಮುಂದಿನ ಕಾಫಿ ಒಣಗಿಸುವ ಕಣದ ನಟ್ಟನಡುವೆ ವ್ಯಾನು ನಿಂತಿತ್ತು. ರಶ್ಮಿತಾ ಕಣದ ಮೇಲೆ ನೀರು ತುಂಬಿದ ಲೋಟ ಇಟ್ಟು ಬಗ್ಗಿ ನೋಡುತ್ತಿದ್ದಳು.

"ಮಟ್ಟವಾಗಿದೆ," ಎಂದಳು ಅವನ ಕಡೆ ನೋಡದೆ. "ಗಾಡಿ ತಿರುಗಿಸೋಕೂ ಜಾಗ ಇದೆ."

"ಪಟ್ಟಿಯಿಂದ ತೆಗೆದ್ರಲ್ಲ?"

"ತೆಗೆದೆ. ಈಗ ಇದು ಕ್ಯಾಂಪ್‌ಸೈಟ್ ಅಲ್ಲ, ಬರೀ ಮನೆ. ಬರೀ ಮನೆಗೆ ಬರೋಕೆ ನನಗೆ ಯಾವ ರೂಲ್ಸೂ ಇಲ್ಲ." ಆಗ ತಲೆಯೆತ್ತಿದಳು. ಕಣ್ಣು ಒದ್ದೆಯಾಗಿತ್ತು, ಅಂಚಿನಲ್ಲಿ ಆ ಹಳೆಯ ನಗುವೂ ಇತ್ತು. "ವರ್ಷಕ್ಕೆ ಒಂದೇ ದಿನ ಬರೋಕೆ ನನಗೂ ಸಾಕಾಗಿತ್ತು, ಪ್ರಸಾದ್."

ಲೋಟದ ನೀರನ್ನು ದಾಸವಾಳದ ಬುಡಕ್ಕೆ ಸುರಿದು ಅವಳು ಮೆಟ್ಟಿಲು ಹತ್ತಿದಳು. ಬಾಗಿಲಲ್ಲಿ ನಿಂತಿದ್ದ ಸುಲೋಚನಮ್ಮನ ಮುಂದೆ ಖಾಲಿ ಲೋಟ ಹಿಡಿದಳು.

"ಅಮ್ಮ, ಕಾಫಿ ಕೊಡ್ತೀರಾ?"

ಸುಲೋಚನಮ್ಮ ಮಗನ ಮುಖ ನೋಡಿದರು, ಅವಳ ಮುಖ ನೋಡಿದರು. ಒಳಗೆ ಹೋಗಿ ಲೋಟ ತುಂಬಿಸಿ ತಂದರು. ರಶ್ಮಿತಾ ಜಗಲಿಯ ಮೇಲೆ ಕೂತು, ಊದಿ ಊದಿ, ಕೊನೆಯ ಗುಟುಕಿನವರೆಗೂ ಕುಡಿದಳು. ಪ್ರಸಾದ ಪಕ್ಕದಲ್ಲಿ ಕೂತು ನೋಡಿದ.

"ಇನ್ನೊಂದು ಕೊಡಿ ಅಮ್ಮ," ಎಂದಳು. "ಇದು ಈ ವರ್ಷದ್ದಾಯ್ತು. ಹೋದ ವರ್ಷದ್ದು ಹಾಗೇ ಉಳಿದಿದೆ."

"ಅದರ ಹಿಂದಿನ ವರ್ಷದ್ದು?" ಎಂದು ಕೇಳಿದ ಪ್ರಸಾದ.

"ಅದನ್ನ ನಾಳೆ ಬೆಳಗ್ಗೆ ಕುಡಿತೀನಿ."