ಹುಳುಮನೆಯ ಬಾಗಿಲಲ್ಲಿ ಪುದೀನ ಘಮ

ಹರಿಕೃಷ್ಣ ಹುಳುಮನೆಯ ಬಾಗಿಲಲ್ಲೇ ನಿಂತ. ಒಳಗೆ ರೇಷ್ಮೆಹುಳುಗಳಿಗೆ ಹಿಪ್ಪುನೇರಳೆ ಸೊಪ್ಪು ಹಾಕುತ್ತಿದ್ದ ಅವನ ಹೆಂಡತಿ ಶಿರೀಷಾಳ ಮೂಗಿಗೆ ಏನೋ ಘಮ್ಮೆಂದಿತು.

"ಒಳಗ್ ಬರಲ್ವಾ ಬಾವ?"

"ಬೇಡ ಕಣೇ. ಹುಳಕ್ಕೆ ವಾಸನೆ ಆಗಲ್ಲ."

ಸೆಂಟು ಹಾಕಿಕೊಂಡವರು ಹುಳುಮನೆಗೆ ಕಾಲಿಡಬಾರದೆಂದು ಅವರ ಊರು ಜಂಗಮಕೋಟೆಯ ಮಕ್ಕಳಿಗೂ ಗೊತ್ತು. ಹಾಗಾದರೆ ಇವನು ಯಾರಿಗಾಗಿ ಘಮಘಮಿಸುತ್ತಿದ್ದಾನೆ?

ಮೊದಲೆಲ್ಲ ಸೊಪ್ಪು ಹಾಕುವ ನೆಪದಲ್ಲಿ ಬೆನ್ನ ಹಿಂದೆ ಬಂದು ನಿಲ್ಲುತ್ತಿದ್ದ. ಜಡೆಗೆ ಸಿಕ್ಕಿದ ಎಲೆಚೂರು ತೆಗೆಯುತ್ತಿದ್ದ. ತೆಗೆದ ಮೇಲೂ ಬೆರಳು ಅಲ್ಲೇ ಇರುತ್ತಿತ್ತು. ಈಗ ಅವಳು ಹತ್ತಿರ ಬಂದರೆ ಮುಖ ತಿರುಗಿಸುತ್ತಾನೆ. ಅವಳ ಉಪ್ಸಾರಿನ ಖಾರವೂ ಬೇಡ, ಬರೀ ಮೊಸರನ್ನ.

ಊಟದ ನಡುವೆ ಅವನ ಮೊಬೈಲ್ ಬೆಳಗಿತು. 'ತನುಜ'. ಎದ್ದು ಹೊರಗೆ ಹೋದ.

"ಹೂಂ, ನಾಳೆ ಬರ್ತೀನಿ. ಮನೇಲಿ ಇನ್ನೂ ಹೇಳಿಲ್ಲ."

ಮರುದಿನ ಶಿರೀಷಾ ಸೊಪ್ಪಿನ ಕೆಲಸ ಅತ್ತೆಗೆ ಒಪ್ಪಿಸಿ, ಮದುವೆಯ ಸೀರೆ ಉಟ್ಟು ಬೈಕಿನ ಹಿಂದೆ ಕೂತಳು.

"ಎಲ್ಲಿಗೇ?"

"ನಾನೂ ತನುಜನ್ನ ನೋಡ್ಬೇಕು. ನಡೀರಿ."

ಅವನು ಕಿಕ್ ಹೊಡೆದ. ಬೈಕು ನಿಂತದ್ದು ಚಿಕ್ಕಬಳ್ಳಾಪುರದ ಒಂದು ಹಲ್ಲಿನ ಕ್ಲಿನಿಕ್ ಮುಂದೆ.

ಬಿಳಿ ಕೋಟಿನ ತನುಜ ನಕ್ಕಳು. ಚೆಂದದ ನಗು. ಶಿರೀಷಾ ಸೆರಗನ್ನು ಬಿಗಿಯಾಗಿ ಹಿಡಿದುಕೊಂಡಳು.

"ಅಂತೂ ಹೆಂಡ್ತೀನ್ ಕರ್ಕೊಂಡ್ ಬಂದೆ. ಪಿಯುಸೀಲೂ ಹಿಂಗೇ ಇವ್ನು, ಎಲ್ಲಾ ಬಚ್ಚಿಡ್ತಿದ್ದ. ರಿಪೋರ್ಟ್ ಬಂತು ಕಣೋ. ಕ್ಯಾನ್ಸರ್ ಅಲ್ಲ."

ಶಿರೀಷಾಳ ಕೈಯಿಂದ ಸೆರಗು ಜಾರಿತು.

ಅವನ ಕೆನ್ನೆಯ ಒಳಗೊಂದು ಗಂಟಾಗಿತ್ತು. ಚೂಪು ಹಲ್ಲು ತಾಕಿ ತಾಕಿ ಬೆಳೆದದ್ದು. "ನೋಡಿದ್ರೆ ನಂಗೂ ಅನುಮಾನ ಬಂತು. ಅದಕ್ಕೇ ತೆಗೆದು ಟೆಸ್ಟಿಗೆ ಕಳ್ಸಿದ್ದು," ಎಂದಳು ತನುಜ. ಆ ಘಮ, ಗಾಯ ಮಾಯಲೆಂದು ಬಾಯಿ ಮುಕ್ಕಳಿಸಲು ಕೊಟ್ಟ ಪುದೀನದ ಔಷಧಿಯದು.

ಹೊರಗೆ ಬಂದು ಬೈಕಿನ ಪಕ್ಕ ನಿಂತರೂ ಶಿರೀಷಾ ಹತ್ತಲಿಲ್ಲ.

"ನಂಗ್ಯಾಕ್ ಹೇಳ್ಲಿಲ್ಲ?"

"ನೀನು ಅಳ್ತೀಯ ಅಂತ."

"ಅಳೋದು ನನ್ ಪಾಲಿಂದು ಬಾವ. ನಿಮ್ ನಗು ಯಾರಿಗ್ ಬೇಕಾದ್ರೂ ಕೊಡಿ. ಭಯ ಮಾತ್ರ ನಂಗೇ ಮೊದ್ಲು."

ಅವನು ತಲೆ ತಗ್ಗಿಸಿದ. "ಹೂಂ ಕಣೇ."

ಸಂಜೆ ಮತ್ತೆ ಹುಳುಮನೆಯ ಬಾಗಿಲಲ್ಲೇ ನಿಂತ. ಈ ಸಲ ಶಿರೀಷಾಳೇ ಸೊಪ್ಪಿನ ಬುಟ್ಟಿ ಕೆಳಗಿಟ್ಟು ಹೊಸಿಲು ದಾಟಿ ಬಂದಳು. ಎರಡೂ ಕೈಯಲ್ಲಿ ಅವನ ಮುಖ ಹಿಡಿದು ಬೆಳಕಿಗೆ ತಿರುಗಿಸಿದಳು.

"ಬಾಯ್ ತೆಗೀರಿ. ಅವಳು ನೋಡಿದ್ದೆಲ್ಲ ನಾನೂ ನೋಡ್ಬೇಕು."

ಹರಿಕೃಷ್ಣ ನಾಚುತ್ತಾ ಬಾಯಿ ತೆರೆದ.