ತಿರುಮಲೇಶ ಅಂಕಲ್ಲರ ಹಾಯಿದೋಣಿ
೨೦೦೯ರ ಅಕ್ಟೋಬರ್. ಪರದೇಶದಲ್ಲಿ, ಸೌತ್‌ಫೀಲ್ಡ್ ಎಂಬ ಊರಿನಲ್ಲಿ ನನ್ನ ಕೆಲಸ ಹೋಗಿ, ಹಗಲೆಲ್ಲ ಬಿಡುವಾಗಿತ್ತು. ಬೇಸಿಗೆಯಲ್ಲಿ ತೀರಿಕೊಂಡಿದ್ದ ತಿರುಮಲೇಶ ಅಂಕಲ್ಲರ ಹಳೆಯ ಹಾಯಿದೋಣಿ ಸರೋವರದ ದಡದಲ್ಲಿತ್ತು. ಅದನ್ನು ಚಳಿಗಾಲಕ್ಕೆ ಮುಚ್ಚಿಡಲು ಅವರ ಹೆಂಡತಿ ಅಂಬುಜಾ ಆಂಟಿಯ ಜೊತೆ ಹೋದೆ. ಎಷ್ಟೋ ಭಾನುವಾರ ನಮ್ಮನ್ನೆಲ್ಲ ಅದರಲ್ಲಿ ಕೂರಿಸಿ, ಸರೋವರದ ನಡುವೆ ಚುರುಮುರಿ ಹಂಚಿದವರು ಅಂಕಲ್.

ನಾನು ದೋಣಿಯೊಳಗೆ ಚಳಿಗೆ ಹೆಪ್ಪುಗಟ್ಟಿ ಒಡೆಯದಿರಲೆಂದು ಪೈಪುಗಳ ನೀರು ಬಸಿಯುತ್ತಿದ್ದೆ. ಹೊರಗಿನಿಂದ ಆಂಟಿ ಕೂಗಿದರು.

"ಮರ ಉಜ್ಜಿದ್ದು ಸಾಕಪ್ಪ ಶ್ರೀಕಾಂತ, ಕಾಫಿ ಆರ್ತಿದೆ."

"ನಾನು ಉಜ್ತಾ ಇಲ್ಲ ಆಂಟಿ."

ಆಗ ನನಗೂ ಬೆನ್ನ ಹಿಂದೆ ಸ್ಯಾಂಡ್‌ಪೇಪರಿನ ಸದ್ದು ಕೇಳಿಸಿತು. ಮೂರು ಸಲ ಉಜ್ಜಿ, ಉಫ್ ಎಂದು ಊದಿ, ಮತ್ತೆ ಮೂರು ಸಲ.

ಹೊರಗೆ ಆಂಟಿ ದೋಣಿಯ ಹತ್ತಿರ ಬಂದರು. ಆಮೇಲೆ ಮೆಲ್ಲಗೆ, "ರೀ, ಸಾಕು ಬನ್ನಿ" ಎಂದರು.

ಸದ್ದು ನಿಂತಿತು.

ಕೈ ಮರಗಟ್ಟುವ ಚಳಿಯಲ್ಲಿ ಸದ್ದು ಬಂದ ಕಡೆಯ ಹಲಗೆ ಮುಟ್ಟಿದೆ. ಬೆಚ್ಚಗಿತ್ತು. ಅಂಗೈಗೆ ಮರದ ಹೊಸ ಹುಡಿ ಮೆತ್ತಿಕೊಂಡಿತು.