ಉಂಗುರದ ದಿನ ಹೇಳದ ಮಾತು

"ರೀ, ನಿಲ್ಸಿ! ಜೀವ ಇರೋ ಹುಳಗಳನ್ನ ಹಾಗೇ ಸ್ಪಿರಿಟ್‌ಗೆ ಹಾಕ್ತಿದೀರಲ್ಲ, ಕರುಳು ಅನ್ನೋದೇ ಇಲ್ವಾ ನಿಮಗೆ?"

ಪ್ರಯೋಗಾಲಯದ ಬಾಗಿಲಲ್ಲಿ ನಿಂತವನ ದನಿಗೆ ಅವಳು ಬೆಚ್ಚಿದಳು. ಜೇನು ಸಾಕುವವನು. ತನ್ನ ಹುಳಗಳನ್ನು ಪರೀಕ್ಷೆಗೆ ತಂದಿದ್ದ.

"ನನಗೆ ಬೇಕಾಗಿರೋದೇ ಇವುಗಳ ಕರುಳು," ಅಂದಳು, ತಲೆ ಎತ್ತದೆ. "ರೋಗ ಅಲ್ಲೇ ಕೂತಿರುತ್ತೆ."

ಅವನು ಬಾಯಿ ತೆರೆದು, ಮುಚ್ಚಿ, ಆಮೇಲೆ ನಕ್ಕುಬಿಟ್ಟ.

ಆ ನಗುವಿಗೆ ಅವಳು ಸೋತಳು...

ಹುಳದ ಕರುಳಲ್ಲಿ ಬೆಳೆಯುವ ಪರಾವಲಂಬಿ ರೋಗವೊಂದು ಆ ಸೀಮೆಗೆ ಹೊಸದಾಗಿ ಕಾಲಿಟ್ಟಿತ್ತು. ಅರೆದ ಕರುಳಿನಿಂದ ಡಿಎನ್‌ಎ ತೆಗೆದು ಪಿಸಿಆರ್ ಯಂತ್ರಕ್ಕೆ ಹಾಕಿದರೆ, ಗಟ್ಟಿಮುಟ್ಟಾಗಿ ಹಾರುವ ಹುಳದೊಳಗಿನ ರೋಗವೂ ಪರದೆಯ ಮೇಲೆ ಗೆರೆಯಾಗಿ ಏಳುತ್ತಿತ್ತು. ಗೆರೆ ಎದ್ದರೆ ಆ ಹುಳಗಳ ಜೇನುಪೆಟ್ಟಿಗೆಗಳಿಗೆ ಬೆಂಕಿ. ಜೊತೆಗಿದ್ದ ಪೆಟ್ಟಿಗೆಗಳಿಗೂ ಬೆಂಕಿ. ನಿಯಮವೇ ಹಾಗಿತ್ತು.

ಅವನ ಹುಳಗಳಿಗೆ ಆ ಸಲ ಗೆರೆ ಏಳಲಿಲ್ಲ. ಆದರೂ ಅವನು ಬರುತ್ತಲೇ ಇದ್ದ. "ಇದೇ ದಾರೀಲಿ ಕೆಲಸ ಇತ್ತು," ಅನ್ನುತ್ತಿದ್ದ. ಪ್ರಯೋಗಾಲಯ ಯಾವ ದಾರಿಯಲ್ಲೂ ಇರಲಿಲ್ಲ!

ವರ್ಷ ತುಂಬುವುದರೊಳಗೆ ಎರಡೂ ಮನೆಯವರು ಕೂತು, ಉಂಗುರ ಬದಲಿಸುವ ದಿನ ಗೊತ್ತು ಮಾಡಿದರು. ಆ ವಾರವೇ ಅವನ ಹುಳಗಳು ಮತ್ತೆ ಪರೀಕ್ಷೆಗೆ ಬಂದವು.

"ಫಲಿತಾಂಶ ಬರೋವರೆಗೂ ಪೆಟ್ಟಿಗೆ ಕದಲಿಸಬೇಡಿ," ಎಂದಳು.

"ನೀವು ಹೇಳಿದ್ಮೇಲೆ ಮುಗೀತು, ಮೇಡಂ," ಎಂದ ಅವನು, ಕಣ್ಣು ಮಿಟುಕಿಸಿ.

ಉಂಗುರದ ದಿನ ಬೆಳಿಗ್ಗೆ ಪರದೆಯ ಮೇಲೆ ಗೆರೆ ಎದ್ದಿತು.

ಅಯ್ಯೋ ದೇವರೇ... ಇವತ್ತೇನಾ?

ಫೋನ್ ಮಾಡಿದಳು. ಅವಳು ಬಾಯಿ ತೆರೆಯುವ ಮೊದಲೇ ಅವನು, "ಹೊಸ ಅಂಗಿ ಹಾಕ್ಕೊಂಡಿದೀನಿ. ಅಕ್ಕ ನೋಡಿ ಅತ್ತೇಬಿಟ್ಳು!" ಅಂದ. ತಬ್ಬಲಿ ತಮ್ಮನನ್ನು ಎತ್ತಿ ಆಡಿಸಿ ಬೆಳೆಸಿದ ಅಕ್ಕ ಅವಳು. ಗಂಡ ಹೋದ ಮೇಲೆ ಜೇನನ್ನೇ ನಂಬಿ ಬದುಕಿದವಳು.

ಇವತ್ತೊಂದು ದಿನ ನಗಲಿ. ನಾಳೆ ಹೇಳಿದರಾಯಿತು...

ಫಲಿತಾಂಶದ ಮಾತೆತ್ತದೆ ಫೋನ್ ಇಟ್ಟಳು. ಅಂದೇ ಉಂಗುರ ಬದಲಾಯಿತು.

ಮರುದಿನ ಎಲ್ಲವನ್ನೂ ಹೇಳಿದಳು. ನಿನ್ನೆ ಬೆಳಿಗ್ಗೆಯೇ ಗೊತ್ತಿತ್ತು ಎಂಬುದನ್ನೂ ಮುಚ್ಚಿಡಲಿಲ್ಲ. ಅವನ ಮುಖ ಸುಣ್ಣವಾಯಿತು.

"ನಿನ್ನೆ ಸಂಜೆ... ಖುಷಿಗೆ... ನಾಲ್ಕೈದು ಪೆಟ್ಟಿಗೆ ಅಕ್ಕನ ತೋಟಕ್ಕೆ ಸಾಗಿಸ್ದೆ. ಉಡುಗೊರೆ ಅಂತ."

ಅಕ್ಕನ ತೋಟದಲ್ಲಿ ಹುಳಗಳೆಲ್ಲ ಗೂಡು ಸೇರಿದ ಮೇಲೆ, ಅಕ್ಕನವೂ ಸೇರಿ ಎಲ್ಲ ಪೆಟ್ಟಿಗೆಗಳ ಬಾಯಿ ಮುಚ್ಚಿದರು. ಒಳಗಿನ ಗುಂಯ್‌ಗುಡುವಿಕೆ ಏರುತ್ತಲೇ ಇತ್ತು. ಊರವರೆಲ್ಲ ನಿಂತು ನೋಡುತ್ತಿದ್ದರು.

"ತಮ್ಮನ ಹೆಂಡ್ತಿ ಆಗೋಳು ನನ್ನ ಹೊಟ್ಟೆ ಮೇಲೆ ಹೊಡೆದ್ಲಲ್ಲೋ!" ಎಂದು ಅಕ್ಕ ಎದೆ ಬಡಿದುಕೊಂಡಳು.

ಅವನು ಉರಿಯುವ ಕೊಳ್ಳಿಯನ್ನು ತಂದು, ತಾನು ಉಂಗುರ ತೊಡಿಸಿದವಳ ಕೈಗೇ ಕೊಟ್ಟ.

"ನೀನೇ ಹಚ್ಚು."

ಅವನ ಬಾಯಲ್ಲಿ ಮೊದಲ ಏಕವಚನ. ಪ್ರೀತಿಯಲ್ಲಿ ಬರಬೇಕಾಗಿದ್ದ 'ನೀನು' ಹೀಗೆ ಬಂತು...

"ಉಂಗುರ ಕೈತಪ್ಪುತ್ತೆ ಅಂತ ತಾನೇ ಬಾಯಿ ಮುಚ್ಕೊಂಡಿದ್ದೆ? ಹಚ್ಚು!"

ಕದಲಿಸಬೇಡಿ ಅಂದಿದ್ದೆನಲ್ಲ! ನಾಲಿಗೆಯ ತುದಿಗೆ ಬಂದ ಮಾತು. ಅಕ್ಕನ ಮುಖ ನೋಡಿ ನುಂಗಿಕೊಂಡಳು.

ಹಚ್ಚಿದಳು.

ಗುಂಯ್‌ಗುಡುವಿಕೆ ನಿಲ್ಲುವವರೆಗೂ ಅವನು ಅವಳನ್ನು ಅಲ್ಲಿಂದ ಹೋಗಲು ಬಿಡಲಿಲ್ಲ. ಆಮೇಲೆ ಉಂಗುರ ಕಳಚಿ ಕೆಂಡಕ್ಕೆ ಎಸೆದು ನಡೆದುಹೋದ.

ಅಂದಿನಿಂದ ಅವಳು 'ಬೆಂಕಿ ಮೇಡಂ' ಆದಳು. ಅವಳನ್ನು ಕಂಡರೆ ಜೇನು ಸಾಕುವವರು ಬಾಗಿಲು ಹಾಕಿಕೊಳ್ಳುತ್ತಿದ್ದರು. ಮನೆಯಲ್ಲಿ ಅಮ್ಮನೂ ಬಿಡಲಿಲ್ಲ. "ಹೇಳೋದಾದ್ರೆ ಅವತ್ತೇ ಹೇಳ್ಬೇಕಿತ್ತು. ಒಂದು ದಿನ ಕರುಣೆ ತೋರಿಸೋಕೆ ಹೋಗಿ ಎರಡು ಮನೆ ಸುಟ್ಟೆ." ಅಮ್ಮ ಹೇಳಿದ್ದು ನಿಜವೇ ಆಗಿತ್ತು.

ತಿಂಗಳುಗಳು ಕಳೆದವು. ಒಂದು ಮಧ್ಯಾಹ್ನ ಅವಳು ಕ್ಯಾಂಟೀನಿನಲ್ಲಿ ಕೂತಿದ್ದಾಗ ಅಕ್ಕ ಬಂದಳು, ತಮ್ಮನ ರಟ್ಟೆ ಹಿಡಿದು ಎಳೆದುಕೊಂಡು! ಅವನ ಕೆನ್ನೆಯ ಮೇಲೆ ಬೆರಳಿನ ಗುರುತು ಎದ್ದಿತ್ತು.

"ನಿನ್ನ ಬೈದೂ ಬೈದೂ ನನ್ನ ನಾಲಿಗೆ ಸವೀತು. ಈ ಮಹಾರಾಯ ಕೂತ್ಕೊಂಡು ಕೇಳ್ತಿದ್ದ! ಇವತ್ತು ಬೇರೆ ಹೆಣ್ಣು ನೋಡೋಣ್ವಾ ಅಂದಾಗ ಬಾಯಿಬಿಟ್ಟ. ಕದಲಿಸಬೇಡ ಅಂದಿದ್ಯಂತೆ?"

ಅವಳು ತಲೆ ತಗ್ಗಿಸಿದಳು.

"ಅವತ್ತು ಯಾಕೆ ಸುಮ್ನಿದ್ದೆ?"

"ನಿಮ್ಮ ಗೂಡೆಲ್ಲ ಹೋಗಿತ್ತು, ಅಕ್ಕ. ತಮ್ಮನೂ ಹೋಗೋದು ಬೇಡ ಅನ್ನಿಸ್ತು."

ಅಕ್ಕನ ಗಲ್ಲ ನಡುಗಿತು. "ನಿಮ್ಮಿಬ್ಬರನ್ನೂ ನಾನಿನ್ನೂ ಕ್ಷಮಿಸಿಲ್ಲ, ತಿಳ್ಕೊಳ್ಳಿ," ಎಂದು ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತ ಹೊರಗೆ ಹೋದಳು.

ಅವನು ಎದುರಿನ ಕುರ್ಚಿಯಲ್ಲಿ ಕುಸಿದು ಕೂತ.

"ತಪ್ಪು ನಂದೂ ಇದೆ ಅಂತ ಅವತ್ತೇ ಗೊತ್ತಿತ್ತು. ಗೊತ್ತಿದ್ದೂ ನಿಮ್ಮ ಕೈಗೆ ಕೊಳ್ಳಿ ಕೊಟ್ಟೆ."

"ಗೊತ್ತು."

"ನನ್ನ ಮೇಲೆ ದ್ವೇಷ ಇದೆಯಾ?"

"ಇದೆ."

"ಪ್ರೀತಿ...?"

ಅವಳ ಕಣ್ಣು ತುಂಬಿತು. "ಸಾಯ್ಲಿ ಸಾಯ್ಲಿ ಅಂತ ಎಷ್ಟು ಬೇಡ್ಕೊಂಡೆ... ಹಾಳಾದ್ದು, ಸಾಯ್ಲೇ ಇಲ್ಲ."

ಅವನು ಮುಖ ಮುಚ್ಚಿಕೊಂಡು ಅತ್ತ. ಕಣ್ಣೊರೆಸಿಕೊಂಡು, "ದಿನಾ ಬರ್ತೀನಿ. ಬೈಯ್ರಿ. ಬಾಯಿ ಮುಚ್ಕೊಂಡು ಬೈಸ್ಕೋತೀನಿ," ಅಂದ.

"ಇಲ್ಲಿಗ್ಯಾಕೆ ಬರ್ತೀರಿ?" ಅವನ ಕೆನ್ನೆಯ ಗುರುತನ್ನು ಅವಳು ಮೆಲ್ಲಗೆ ಮುಟ್ಟಿದಳು. "ಮನೆಗೇ ಕರ್ಕೊಂಡು ಹೋಗಿ. ಬೈದು ಮುಗಿಸೋಕೆ ನಂಗೊಂದು ಜನ್ಮ ಬೇಕು."